ಪ್ಲಾಸ್ಟಿಕ್ ಹುಲ್ಲಿಗೆ ತಿಪ್ಪಿ ಗೊಬ್ಬರ

ಮಂದೀನ ಮಂಗ್ಯಾ ಮಾಡೋದು ಸಾದಾ ಕೆಲಸ ಅಂತ ಯಾರರ ತಿಳ್ಕೊಂಡಿದ್ರ, ಅವರು ಒಂದೆರಡು ದಿನ ನನ್ನ ಬಾಜೂಕ ಕೂತು ನೋಡಬೇಕು. ಸುಳ್ಳು ಯಾರಿಗರ ಹೇಳ್ಲಿಕ್ಕೆ ಬರ್ತದ. ಆದರ ಹೇಳಿದ ಮ್ಯಾಲ ಮಾರಿ ಮ್ಯಾಲ ಒಂದು ಗೆರಿ ಸುದ್ದಾ ಅಲಗಾಡಬಾರದು, ನಡುವ ಕೆಮ್ಮು ಬರಬಾರದು, ಎದುರಿನವ ನಂಬಿದ ಅಂತ ಗೊತ್ತಾದ ಕೂಡ್ಲೇ ಆಸೆಕ್ಕ ಬಿದ್ದು ಇನ್ನೊಂದು ಸುಳ್ಳು ಸೇರಸಬಾರದು. ಇದೆಲ್ಲಾ ಕಲೀಲಿಕ್ಕೆ ನನಗ ಒಂದು ಇಡೀ ನೌಕರಿ ಹಿಡೀತು. ಟೆಲಿಫೋನ್ ಖಾತೇದಾಗ ಇದ್ದೆ ನೋಡ್ರಿ. ಆಗೆಲ್ಲಾ ಫೋನು ಅಂದ್ರ ದೊಡ್ಡವರ ಮನಿ ವಸ್ತು, ಅದರ ಮ್ಯಾಲ ಒಂದು ಕಸೂತಿ ಬಟ್ಟಿ ಹೊಚ್ಚಿ ಇಡ್ತಿದ್ರು. ಒಮ್ಮೆ ಒಬ್ಬ ಅರಿವಿ ಅಂಗಡಿ ಸಾವಕಾರಗ ಫೋನ್ ಮಾಡಿ, "ಸಾವಕಾರ್ರ, ಬೀದರ ಕಡೆ ಜೋರ್ ಮಳಿ ಹತ್ಯಾದ, ನೀರು ತಂತಿ ಹಿಡಕೊಂಡು ಈ ಕಡೆ ಬರ್ಲಾಕತ್ತದ, ನಿಮ್ಮ ಫೋನಿನ ಕೆಳಗ ಒಂದು ಬಕೀಟು ಇಡ್ರಿ" ಅಂತ ಹೇಳಿದೆ. ಸಂಜೀಕ ಏನೋ ನೆವ ಮಾಡ್ಕೊಂಡು ಅಂಗಡಿಗೆ ಹೋಗಿ ನೋಡಿದ್ರ ಬಕೀಟು ಇತ್ತು. ಅಷ್ಟೇ ಅಲ್ರಿ, ಬಕೀಟಿನಾಗ ನೀರೂ ಇತ್ತು! ಎಲ್ಲಿಂದ ಬಂತು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಇಂಥಾ ಮನಷಾ ನಾನು. ನನ್ನ ಕೈಯಾಗಿಂದ ತಪ್ಪಿಸಿಕೊಂಡವರು ಈ ಕಲಬುರಗಿ ಶಹಾಬಜಾರದಾಗ ಯಾರೂ ಇಲ್ಲ, ನಮ್ಮ ಮನಿಯಾಕಿ ಪದ್ಮಾವತಿ ಒಬ್ಬಾಕಿನ ಬಿಟ್ಟು. ಆಕಿ ತಪ್ಪಿಸಿಕೊಂಡಿದ್ದೂ ಶಾಣ್ಯಾತನದಿಂದ ಅಲ್ಲ, ನಾ ಹೇಳಿದ್ದು ಯಾವುದನ್ನೂ ಆಕಿ ಕಿವಿಗೆ ಹಾಕ್ಕೊಳ್ಳೂದಿಲ್ಲ, ಅದಕ್ಕ.

ಇಷ್ಟೆಲ್ಲಾ ಯಾಕ ಹೇಳ್ಲಾಕತ್ತೀನಿ ಅಂದ್ರ, ಹ್ವಾದ ವರ್ಷ ನಾನು ನಮ್ಮ ಮನಿ ಅಂಗಳದಾಗ ಹುಲ್ಲು ಹಾಸಿಸಿದೆ. ಖರೆ ಹುಲ್ಲಲ್ಲ, ಪ್ಲಾಸ್ಟಿಕ್ ಹುಲ್ಲು. ಅದೂ ಮನಷ್ಯಾರ ಸಲುವಾಗಿ ಅಲ್ಲ, ಒಂದು ನಾಯಿ ಸಲುವಾಗಿ. ಅದೂ ನಮ್ಮ ನಾಯಿ ಅಲ್ಲ, ಬೀಗರ ನಾಯಿ!

ನಮ್ಮ ಮಗಳು ಸುಧಾನ ಕಮಲಾಪುರಕ್ಕ ಕೊಟ್ಟೀವಿ. ಅಲ್ಲಿ ನಮ್ಮ ಬೀಗರು ಶಾಮರಾಯರು ಕೆಂಪು ಬಾಳಿಹಣ್ಣಿನ ತ್ವಾಟ ಮಾಡ್ಯಾರ. ಕಮಲಾಪುರದ ಕೆಂಪು ಬಾಳಿಹಣ್ಣು ಅಂದ್ರ ನಿಮಗೇನು ಹೇಳಬೇಕಾಗಿಲ್ಲ, ಒಂದು ತಿಂದ್ರ ಮಧ್ಯಾಹ್ನದ ಊಟ ಮುಂದಕ್ಕ ಹೋಗ್ತದ. ಈ ಶಾಮರಾಯರು ನಗೂದಿಲ್ಲ. ಸಿಟ್ಟಿಗೂ ಬರೂದಿಲ್ಲ. ನೀವು ಏನು ಹೇಳಿದ್ರೂ, ಬಾಳಿಗೊನಿ ಹಣ್ಣಾಗ್ಯಾದೋ ಇಲ್ಲೋ ಅಂತ ನೋಡ್ತಾರಲ್ಲ, ಹಂಗ ನಿಮ್ಮ ಮಾರಿ ನೋಡ್ತಾರ. ಇಂಥವರ ಮ್ಯಾಲ ನನ್ನ ವಿದ್ಯಾ ನಡಸಬೇಕಂದ್ರ ಭಾಳ ತ್ರಾಸು. ಇನ್ನ ಬೀಗತಿ ಇಂದಿರಾಬಾಯಿ ಅಂತೂ ನನ್ನ ಕೂಡ ಸೀದಾ ಒಂದು ಮಾತು ಆಡಿದವರಲ್ಲ. ತಲಿ ಮ್ಯಾಲ ಸೆರಗು, ನೆಲದ ಮ್ಯಾಲ ಕಣ್ಣು. ನಾನು ತಾಟಿನ ಮುಂದ ಕೂತಿದ್ರ, ನನ್ನ ಬಾಜೂಕ ಕೂತ ನಮ್ಮಾಕಿಗೆ, "ಬೀಗರಿಗೆ ಇನ್ನೊಂದು ಹೋಳಿಗಿ ಹಾಕ್ಲೇನು ಕೇಳ್ರಿ" ಅಂತಿದ್ರು. ನಮ್ಮಾಕಿ ನನ್ನ ಕೇಳದೇ "ಬ್ಯಾಡ್ರಿ, ಅವರಿಗೆ ಸಕ್ಕರಿ ಬ್ಯಾನಿ ಅದ" ಅಂತಿದ್ಲು. ಹಿಂಗ ಎರಡು ಹೆಣ್ಮಕ್ಕಳ ನಡುವ ನನ್ನ ಹೋಳಿಗಿ ಎಷ್ಟು ಹ್ವಾದವೋ.

ಈ ಇಂದಿರಾಬಾಯಿಯವರಿಗೆ ಕಾಶಿಗೆ ಹೋಗಬೇಕಂತ ಲಗ್ನಾದಾಗಿಂದ ಆಸೆ. ಆಕಿ ಹುಟ್ಟಿದ್ದು ಹುಮನಾಬಾದ, ಕೊಟ್ಟಿದ್ದು ಕಮಲಾಪುರ, ಭಾಳ ದೂರ ಹೋಗಿದ್ದು ಅಂದ್ರ ಕಲಬುರಗಿ. ಪ್ರತಿ ಸಲ ಹೊರಡಬೇಕು ಅನ್ನೂದ್ರಾಗ ಏನರ ಒಂದು ಅಡ್ಡ ಬರೂದು. ಒಮ್ಮೆ ಆಕಳ ಈಯೋ ಹೊತ್ತು, ಒಮ್ಮೆ ಗೊನಿ ಕಡಿಯೋ ಹೊತ್ತು, ಒಮ್ಮೆ ನಾದಿನಿ ಬಾಣಂತನ. ಈ ಸಲ ನಮ್ಮ ಸುಧಾ ಯಾರನ್ನೂ ಕೇಳದೇ ಮನಿ ಮಂದಿಗೆಲ್ಲಾ ರೈಲಿನ ಟಿಕೆಟ್ ತಗದು ಮುಂದ ಇಟ್ಟುಬಿಟ್ಲು. ಎಲ್ಲಾ ಕೂಡಿ ಬಂತು. ಉಳಿದಿದ್ದು ಒಂದೇ ಅಡಚಣಿ, ಮೋತಿ.

ಮೋತಿ ಶಾಮರಾಯರ ನಾಯಿ. ಕಂದು ಬಣ್ಣ, ಒಂದು ಕಿವಿ ಮ್ಯಾಲ, ಒಂದು ಕಿವಿ ಕೆಳಗ, ಯಾವಾಗ ನೋಡಿದ್ರೂ ಏನೋ ಅರ್ಧ ಕೇಳಿದಂಗ ಇರ್ತದ. ತ್ವಾಟದಾಗ ಹುಟ್ಟಿ ತ್ವಾಟದಾಗ ಬೆಳದದ. ಆಳುಮಕ್ಕಳು ಹಾಕಿದ್ರ ಮೂಸೂದೂ ಇಲ್ಲ, ಮನ್ಯಾವರು ಹಾಕಬೇಕು, ಇಲ್ಲಾ ನಮ್ಮ ಪದ್ಮಾವತಿ ಹಾಕಬೇಕು. ಆಕಿ ಕೈಯಾಗಿನ ಸಜ್ಜಿ ರೊಟ್ಟಿಗೆ ಅದು ಎರಡೂ ಕಿವಿ ಮ್ಯಾಲ ಮಾಡ್ತದ. ಅಂದ ಮ್ಯಾಲ ಬೀಗರು ಕಾಶಿಯಿಂದ ಬರೂ ತನಕ ನಮ್ಮನ್ಯಾಗ ಬಿಡಬಹುದಲ್ಲ? ಬಿಡ್ಲಿಕ್ಕೆ ಬರೂದಿಲ್ಲ. ಯಾಕಂದ್ರ ನಮ್ಮ ಅಂಗಳಕ್ಕ ಪೂರಾ ಶಹಾಬಾದಿ ಫರಸಿ. ಮೋತಿ ಕಲ್ಲಿನ ಮ್ಯಾಲ ಕಾಲು ಎತ್ತೂದಿಲ್ಲ. ಹೊರಗ ಓಣ್ಯಾಗ ಬಿಡೂಣು ಅಂದ್ರ ಶಹಾಬಜಾರದ ನಾಯಿಗಳು ಹಳ್ಳಿ ನಾಯೀನ ಕಚ್ಚಿ ರಕ್ತದ ಜಳಕಾ ಮಾಡಸದೇ ಬಿಡೂದಿಲ್ಲ. ಹಿಂದೊಮ್ಮೆ ದೀಪಾವಳಿಗೆ ಬಂದಾಗ ಇಡೀ ದಿನ ತಡಕೊಂಡು ಕೂತಿತ್ತು. ಸಂಜೀಕ ಕಮಲಾಪುರದಾಗ ಟೆಂಪೋ ನಿಂದ್ರೂದ್ರಾಗ ಹಾರಿ, ಮೊದಲನೇ ಬಾಳಿಗಿಡಕ್ಕ ಕಾಲೆತ್ತಿ ಎಷ್ಟು ಹೊತ್ತು ನಿಂತಿತ್ತಂದ್ರ, ನಿಂತಲ್ಲೇ ನಿದ್ದಿ ಹತ್ತೇದೇನು ಅಂತ ಬೀಗರು ಹೋಗಿ ಮುಟ್ಟಿ ನೋಡಿದ್ರಂತ. ಅದಕ್ಕ ಅವರು ಖಡಾಖಡಿ ಹೇಳಿಬಿಟ್ರು: "ಬೀಗರ, ಉಣ್ಣೂದು ನಿಮ್ಮನ್ಯಾಗ ಆಗ್ತದ, ಉಳಿದಿದ್ದು ಆಗೂದಿಲ್ಲ. ಅದು ಆಗೂದಿಲ್ಲಂದ್ರ ನಾ ಗಾಡಿ ಹತ್ತೂದಿಲ್ಲ." ಅವರು ಹತ್ತಲಿಲ್ಲಂದ್ರ ಇಂದಿರಾಬಾಯಿಯವರೂ ಹತ್ತೂದಿಲ್ಲ. ಸುಧಾ ನನಗ ಫೋನ್ ಮಾಡಿದ್ಲು. "ಅಪ್ಪಾ, ಏನರ ಮಾಡು. ಅತ್ತಿಯವರು ಗಂಗಾ ತರಲಿಕ್ಕೆಂತ ತಾಮ್ರದ ಗಿಂಡಿ ತಿಕ್ಕಿ ಚೀಲದಾಗ ಇಡ್ತಾರ. ಮತ್ತ ತಗೀತಾರ, ಮತ್ತ ತಿಕ್ಕತಾರ. ನೋಡ್ಲಿಕ್ಕೆ ಆಗವಲ್ದು."

ನಾನು ಮೊದಲಿಗೆ ಫರಸಿ ಕಿತ್ತು ಬರೀ ಮಣ್ಣು ಬಿಡೂಣು ಅಂದೆ. ಪದ್ಮಾವತಿ ಅಡಗಿಮನಿಯಿಂದ ಲಟ್ಟಣಿಗಿ ಸಮೇತ ಹೊರಗ ಬಂದ್ಲು. "ಎರಿ ಮಣ್ಣು ಅದು! ಒಂದು ಹನಿ ಬಿತ್ತಂದ್ರ ಚಪ್ಪಲ್ಲು ಹೊರಗೇ ಉಳಿದು ಕಾಲಷ್ಟೇ ಒಳಗ ಬರ್ತಾವ. ಆ ನಾಯಿ ನಾಕೂ ಕಾಲಿಂದ ತುಳದು ಸೀದಾ ದೇವರ ಮನಿಗೆ ಬರ್ತದ. ಮಣ್ಣರ ಇರಬೇಕು, ಇಲ್ಲಾ ನಾನರ ಇರಬೇಕು." ನಾನು ಸ್ವಲ್ಪ ಹೊತ್ತು ವಿಚಾರ ಮಾಡಿದೆ. ಹಂಗ ವಿಚಾರ ಮಾಡಿದ್ದೇ ತಪ್ಪಾಯ್ತು, ಅವತ್ತು ನನಗ ಮಧ್ಯಾಹ್ನದ ಚಹಾ ಸಿಗಲಿಲ್ಲ.

ಚಹಾ ಕುಡೀಲಿಕ್ಕೆ ಅಂತ ಜಗತ್ ಸರ್ಕಲ್ ಕಡೆ ಹೋದೆ. ಅಲ್ಲಿ ನಮ್ಮ ಖಾಜಾಮಿಯಾನ ಅಂಗಡಿ ಅದ. ಖಾಜಾಮಿಯಾ ನಮ್ಮ ಹಿಂದಿನ ಓಣ್ಯಾವ, ನನ್ನ ವಾರಗಿಯವ, ಸಣ್ಣವರಿದ್ದಾಗ ಇಬ್ರೂ ಕೂಡೇ ಮಾಸ್ತರ್ರ ಸೈಕಲ್ಲಿನ ಗಾಳಿ ಬಿಡ್ತಿದ್ದಿವಿ. ಈಗ ಜಾಜಮು, ಗಾಲೀಚಾ, ಕಾಲೊರಸು ಮಾರ್ತಾನ. ಅಂಗಡಿ ಮುಂದ ಹಸರುಗೆ ಒಂದು ಸುರುಳಿ ನಿಂತಿತ್ತು.

"ಖಾಜಾಮಿಯಾ, ನಾಯಿ ಉಚ್ಚಿ ಹೊಯ್ಯೋವಂಥಾ ಹುಲ್ಲು ಅದ ಏನು?"

"ಅದ ರಾವಸಾಬ್. ಆದ್ರ ಉಚ್ಚಿ ನಾಯೀನೇ ತರಬೇಕು."

ಆಮ್ಯಾಲ ಆ ಸುರುಳಿ ಬಿಚ್ಚಿ ಬೆನ್ನು ತಿರುವಿ ತೋರಿಸಿದ. ಬೆನ್ನಿನ ತುಂಬ ತೂತು. ನೀರು ನಿಂದ್ರೂದಿಲ್ಲ, ಕೆಳಗ ಇಳೀತದ, ವಾಸನಿ ಬಂದ್ರ ಪೈಪು ಹಿಡದು ತೊಳದ್ರ ಆಯ್ತು, ಇದು ನಾಯಿ ಬೆಕ್ಕಿನ ಸಲುವಾಗೇ ಮಾಡಿದ್ದು ಅಂದ. ಅದರ ಕೂಡ ಒಂದು ಕರಿ ಬಟ್ಟೀನೂ ತಗದು ಇಟ್ಟ. ಇದ್ಯಾಕೋ ಅಂದ್ರ, "ಮಣ್ಣಿನ ಮ್ಯಾಲ ಈ ಬಟ್ಟಿ, ಬಟ್ಟಿ ಮ್ಯಾಲ ಖಡಿ, ಖಡಿ ಮ್ಯಾಲ ಉಸುಕು, ಅದರ ಮ್ಯಾಲ ಹುಲ್ಲು. ಈ ಬಟ್ಟಿ ನೀರು ಬಿಡ್ತದ, ಕಸ ಬಿಡೂದಿಲ್ಲ. ಘಾಸ್ ಮೇ ಘಾಸ್ ನಕ್ಕೋ ಬೋಲೇ ತೊ ಏ ಹೋನಾಚ್" ಅಂದ. ಅಂದ್ರ ಹುಲ್ಲಿನಾಗ ಹುಲ್ಲು ಬ್ಯಾಡಾದ್ರ ಈ ಬಟ್ಟಿ ಬೇಕೇ ಬೇಕು. ನನಗ ಆ ಮಾತು ಭಾಳ ಸೇರ್ತು. ಖರೆ ಹುಲ್ಲು ಬಂದು ಸುಳ್ಳು ಹುಲ್ಲಿನ ಮಾನ ಕಳೀಬಾರದಂತ ಕಾವಲು! ಇಂಥಾದ್ದೊಂದು ಬಟ್ಟಿ ನನ್ನ ನೌಕರಿ ಟೈಮಿನಾಗ ಸಿಕ್ಕಿದ್ರ ನಾ ಎಲ್ಲಿಗೆ ಮುಟ್ಟತಿದ್ದೆ!

ಕೆಲಸ ಶುರು ಆಯ್ತು. ಖಾಜಾಮಿಯಾ ತಾನೇ ಮುಂದ ನಿಂತು ಆಳು ಹಚ್ಚಿದ. ಫರಸಿ ಎಬ್ಬಿಸಿದ್ರು, ಒಂದು ಗೇಣು ಮಣ್ಣು ತಗದ್ರು, ದಿಮ್ಮಸಿಂದ ಬಡದು ಗಟ್ಟಿ ಮಾಡಿದ್ರು, ಮೋರಿ ಕಡೆ ಸ್ವಲ್ಪ ಇಳಿಜಾರು ಬಿಟ್ರು. ಕರಿ ಬಟ್ಟಿ ಹಾಸುವಾಗ ಒಂದರ ಅಂಚು ಇನ್ನೊಂದರ ಮ್ಯಾಲ ಬರಬೇಕಂತ ಖಾಜಾಮಿಯಾ ಒದರಿದ್ದೇ ಒದರಿದ್ದು. ನಾನು ಕುರ್ಚಿ ಹಾಕ್ಕೊಂಡು ಕೂತು ಮಾರ್ಗದರ್ಶನ ಮಾಡಿದೆ. ಟೆಲಿಫೋನ್ ಕಂಬ ನಿಂದ್ರಿಸಿದವಗ ಹುಲ್ಲು ಯಾವ ಲೆಕ್ಕ? ನಾ ಹೇಳಿದಂಗ ಒಂದು ತುಂಡು ಹಾಸಿದ್ರು, ಅದರ ಎಳಿ ಎಲ್ಲಾ ಬಚ್ಚಲದ ಕಡೆ ಮಲಗಿದವು. ಖಾಜಾಮಿಯಾ ಹೇಳಿದಂಗ ಇನ್ನೊಂದು ಹಾಸಿದ್ರು, ಅದರ ಎಳಿ ಬಾಗಲದ ಕಡೆ ಮಲಗಿದವು. ಎರಡೂ ಬಾಜೂಕ ಬಾಜೂಕ ಇಟ್ಟು ನೋಡಿದ್ರ ಒಂದು ಹಸರು, ಒಂದು ಬಿಳಿಚಿಗಿ, ಜಗಳಾಡಿ ಬೆನ್ನು ಮಾಡಿ ಮಲಗಿದ ಗಂಡಾಹೆಂಡ್ತಿ ಕಂಡಂಗ ಕಂಡವು. "ರಾವಸಾಬ್, ಎಳಿ ಎಲ್ಲಾ ಒಂದೇ ಕಡೆ ಮಲಗಬೇಕ್ರಿ. ನೀವು ಸ್ವಲ್ಪ ಕುರ್ಚಿ ಒಳಗ ಹಾಕ್ಕೋರಿ" ಅಂದ. ನಾನು ಒಳಗ ಹೋದ ಮ್ಯಾಲ ಕೆಲಸ ಲಗೂನ ಮುಗೀತು. ಅದು ನಾನು ಅಷ್ಟು ಛಲೋ ಮಾರ್ಗದರ್ಶನ ಮಾಡಿದ್ದಕ್ಕ.

ಈಗ ನೋಡ್ರಿ, ನನ್ನ ಖರೆ ಕೆಲಸ ಶುರು ಆಗಿದ್ದು. ಸಂಕ್ರಾಂತಿ ಮುಗದು ಬಿಸಲು ಏರ್ಲಾಕತ್ತಿತ್ತು. ಬಿಸಲಿಗೆ ಆ ಪ್ಲಾಸ್ಟಿಕ್ ಹಂಚಿನಂಗ ಕಾಯ್ತದ, ನಾಯಿ ಬಿಡೂಕಿಂತ ಮೊದಲ ನೀರು ಹೊಡೀರಿ ಅಂತ ಖಾಜಾಮಿಯಾ ಹೇಳಿದ್ದ. ನಾನು ಮುಂಜಾನೆ ಸಂಜೀಕ ಪೈಪು ಹಿಡಕೊಂಡು, ಪಂಜೆ ಎತ್ತಿ ಕಟ್ಟಿ, ಬಾಗಲ ಪೂರಾ ತಗದು ನೀರು ಹಾಕ್ಲಿಕ್ಕೆ ನಿಂತೆ. ಓಣ್ಯಾಗ ಹೋಗೂ ಬರೂ ಮಂದಿ ನಿಂತು ನೋಡ್ಲಿಕ್ಕೆ ಹತ್ತಿದ್ರು. ಹಾಲಿನ ಸಿದ್ದಪ್ಪ ಕೇಳಿದ, "ರಾಯರ, ಎಲ್ಲಿ ಹುಲ್ಲರಿ ಇದು, ಇಷ್ಟು ಹಸರ ಅದ?"

"ಥಂಡಿ ದೇಶದ್ದು" ಅಂದೆ.

"ಮತ್ತ ಎತ್ತರ ಆಗೂದಿಲ್ಲೇನ್ರಿ?"

"ನಮ್ಮ ಬಿಸಲಿಗೆ ಅಂಜ್ತದೋ. ತಲಿ ಮ್ಯಾಲ ಎತ್ತೂದಿಲ್ಲ."

ಸಿದ್ದಪ್ಪ ಬಗ್ಗಿ ಮುಟ್ಟಿ ನೋಡಿ ಕೈ ಹಿಂದಕ್ಕ ತಗೊಂಡ. "ಸುಡ್ಲಾಕತ್ತದಲ್ರಿ!"

"ಹೊಸಾ ಹವಾ, ಜ್ವರ ಬಂದಾವ. ಅದಕ್ಕೇ ನೀರು ಹಾಕ್ಲಾಕತ್ತೀನಿ."

ಪಾಪ, ಮರುದಿನ ಆಂವಾ ಬರುವಾಗ ಒಂದು ಗಿಂಡಿ ಮಜ್ಜಿಗಿ ತಂದು ಹುಲ್ಲಿನ ಬುಡಕ್ಕ ಹಾಕಿ ಹ್ವಾದ. ನಾನು ಬಾಗಲ ಸಂದ್ಯಾಗ ನಿಂತು ನಕ್ಕು ನಕ್ಕು ಪಕ್ಕಡಿ ಹಿಡಕೊಂಡೆ. "ವಯಸ್ಸಾಗ್ಯಾದ, ನಾಚಿಕಿ ಬರೂದಿಲ್ಲೇನು" ಅಂತ ಪದ್ಮಾವತಿ ಅಂದ್ಲು. ನಾಚಿಕಿ ಯಾಕ ಬರಬೇಕು? ನಂಬಿಸೂದು ಒಂದು ಕಲಾ.

ಈ ಹುಮ್ಮಸ್ಸಿನಾಗೇ ಬೀಗರಿಗೂ ಫೋನ್ ಹಚ್ಚಿ, ನಿಮ್ಮ ಮೋತಿ ಸಲುವಾಗಿ ಅಂಗಳದ ತುಂಬ ಹುಲ್ಲು ಬೆಳಸೀನಿ, ಬಂದು ನೋಡ್ರಿ ಅಂದೆ. ಅವರು ಮೋತಿನೂ ಕರಕೊಂಡು, ಇಂದಿರಾಬಾಯಿಯವರನೂ ಕರಕೊಂಡು ಬಂದ್ರು. ಬಾಗಲದಾಗ ನಿಂತು ಹುಲ್ಲು ನೋಡಿದ್ರು. ಆಮ್ಯಾಲ ನನ್ನ ಮಾರಿ ನೋಡಿದ್ರು. ಮತ್ತ ಹುಲ್ಲು ನೋಡಿದ್ರು. "ಬೆಳೀತದೇನು?" ಅಂದ್ರು. "ಭೇಷಿ ಬೆಳೀತದ, ಸ್ವಲ್ಪ ಸಾವಕಾಶ" ಅಂದೆ. ಒಂದು ಗೆರಿ ಅಲಗಾಡಲಿಲ್ಲ ನನ್ನ ಮಾರಿ ಮ್ಯಾಲ.

ಆದರ ಮೋತಿ ಮುಂದ ನನ್ನ ವಿದ್ಯಾ ನಡೀಲಿಲ್ಲ. ಅದು ಹುಲ್ಲಿನ ಅಂಚು ಮೂಸ್ತು. ಒಂದು ಕಾಲಿಟ್ಟಿತು, ಝಾಡಿಸಿಕೊಂಡು ತಗೀತು. ಒಂದು ಸುತ್ತು ಹೊಡೀತು, ಬಂದು ಹೊಸ್ತಲದ ಕಲ್ಲಿನ ಮ್ಯಾಲ ಕೂತುಬಿಟ್ಟಿತು. ನಾವು ಊಟ ಮಾಡಿದ್ವಿ, ಅದು ಕೂತಿತ್ತು. ಚಹಾ ಕುಡದ್ವಿ, ಕೂತಿತ್ತು. ನಾನು ಅದನ್ನ ಹುಲ್ಲಿನ ಮ್ಯಾಲ ಎಳಕೊಂಡು ಹೋಗಿ "ಶೂ... ಶೂ..." ಅಂತ ಸಣ್ಣ ಕೂಸಿಗೆ ಮಾಡಿದಂಗ ಮಾಡಿದೆ. ಓಣ್ಯಾಗಿನ ಹುಡುಗ್ರೆಲ್ಲಾ ಗೋಡಿ ಹತ್ತಿ ಕೂತು ನನ್ನ ಕೂಡ "ಶೂ... ಶೂ..." ಅಂದ್ರು. ಹಂಗ ಮಾಡಿ ಮಾಡಿ ನನಗೇ ಒಳಗ ಹೋಗಿ ಬರಬೇಕಾಯ್ತು, ಮೋತಿಗೆ ಏನೂ ಆಗಲಿಲ್ಲ. ಕಡೀಕ ಶಾಮರಾಯರು ಎದ್ದು, "ಬ್ಯಾಡ ಬಿಡ್ರಿ ಬೀಗರ. ಮೂಕ ಪ್ರಾಣಿ, ತಡಕೊಂಡು ಎಲ್ಲಿ ಬ್ಯಾನಿ ಬೀಳ್ತದೋ. ನಾಳೆ ಟಿಕೆಟ್ ವಾಪಸ್ ಮಾಡಸ್ತೀನಿ" ಅಂದ್ರು. ನಾನು ಆಗ ಇಂದಿರಾಬಾಯಿಯವರ ಕಡೆ ನೋಡಬಾರದಿತ್ತು, ನೋಡಿದೆ. ಆಕಿ ಸೆರಗು ಇನ್ನೊಂದು ಸ್ವಲ್ಪ ಮುಂದಕ್ಕ ಎಳಕೊಂಡು, ಮೋತಿ ತಲಿ ಮ್ಯಾಲ ಕೈ ಇಟ್ಟು, "ನಿಂದೇನು ತಪ್ಪಿಲ್ಲಪ್ಪಾ" ಅಂತ ನಾಯಿಗೆ ಹೇಳಿದ್ರು. ನಗಸೂದು ನನ್ನ ಕಸಬು. ಅವತ್ತು ಪೈಪು ಹಿಡಕೊಂಡು ಆಗಲೇ ತೊಯ್ದ ಹುಲ್ಲಿಗೇ ಮತ್ತ ನೀರು ಹಾಕ್ಕೋತ ನಿಂತೆ.

ಗಾಡಿ ಹತ್ತೂ ಮುಂದ ಶಾಮರಾಯರು ತಿರುಗಿ ನಿಂತು ಕೇಳಿದ್ರು, "ಅಂದಂಗ ಈ ಹುಲ್ಲಿಗೆ ಗೊಬ್ಬರ ಏನು ಹಾಕೀರಿ?"

ಸುಳ್ಳಿನ ಕೆಲಸದಾಗ ಇದೇ ನೋಡ್ರಿ ಕಠಿಣ. ಹಿಂದಕ್ಕ ಹೋಗ್ಲಿಕ್ಕೆ ಹಾದಿ ಇರೂದಿಲ್ಲ. "ಇನ್ನಾ ಏನೂ ಹಾಕಿಲ್ರಿ" ಅಂದೆ.

"ಅದಕ್ಕೇ ಮತ್ತ! ನಾಳೆ ಗೊನಿ ತಗೊಂಡು ಮಾರ್ಕೆಟ್ಟಿಗೆ ಬರೂದದ. ನಾನೇ ಹಾಕಿಕೊಡ್ತೀನಿ."

ಮರುದಿನ ಟೆಂಪೋ ಬಂತು, ಬೀಗರ ಕೂಡ ಇಂದಿರಾಬಾಯಿಯವರೂ ಇದ್ರು, ಮೋತಿನೂ ಇತ್ತು. ಬಾಳಿಗೊನಿ ಇಳಿಸಿ ಬಂದ ಟೆಂಪೋದಾಗ ಚೀಲ ಚೀಲ ತಿಪ್ಪಿ ಗೊಬ್ಬರ. ನಾನು "ಅಯ್ಯ, ನಿಮಗ್ಯಾಕ ತ್ರಾಸು ಬೀಗರ" ಅನ್ನೂದ್ರಾಗ ಅವರು ಪಂಜೆ ಮ್ಯಾಲ ಕಟ್ಟಿ, ದೇವರಿಗೆ ಕುಂಕುಮ ಏರಿಸಿದಂಗ, ಒಂದು ಎಳಿನೂ ಬಿಡದೇ ಅಂಗಳದ ತುಂಬ ಗೊಬ್ಬರ ಹರವಿದ್ರು. ಮ್ಯಾಲ ಕೈಯಿಂದ ತಿಕ್ಕಿ ಬುಡಕ್ಕ ಇಳಿಸಿದ್ರು. ಅದೇ ಹೊತ್ತಿಗೆ ಅಂಚಿಗೆ ಹೊಡದ ಮೊಳಿ ಬಿಗಿ ಅವೋ ಇಲ್ಲೋ ನೋಡ್ಲಿಕ್ಕೆ ಖಾಜಾಮಿಯಾ ಬಂದ. ಅವನ ಮಾರಿ ನೋಡಬೇಕಿತ್ತು, ಮಗಳ ಮದುವಿ ಸೀರಿ ಮ್ಯಾಲ ಯಾರೋ ಸಾರು ಚೆಲ್ಲಿದಂಗ ಆಗಿತ್ತು. "ರಾವಸಾಬ್, ಏ ಕ್ಯಾ..." ಅಂತ ಬಾಯಿ ತಗದ. ನಾನು ಅವನ ಕಾಲು ತುಳದೆ.

ಗೊಬ್ಬರ ಹರವಿ ಮುಗದ ಮ್ಯಾಲ ಮೋತಿನ ಕೆಳಗ ಬಿಟ್ರು. ಮೋತಿ ಮೂಗು ಮ್ಯಾಲ ಎತ್ತಿತು. ಎರಡೂ ಕಿವಿ ಎದ್ದು ನಿಂತವು. ಅದು ಹುಲ್ಲಿನ ಮ್ಯಾಲ ಹ್ವಾತು, ಮೂಸ್ತು, ತನ್ನ ತ್ವಾಟದ ತಿಪ್ಪಿ ವಾಸನಿ ಎಲ್ಲಾ ಕಡೆ ಅದ ಅಂತ ಖಾತ್ರಿ ಮಾಡ್ಕೊಂತು, ಸುತ್ತಲೂ ಒಂದು ಗಿಡ ಹುಡುಕ್ತು. ಗಿಡ ಇರಲಿಲ್ಲ. ನನ್ನ ಕುರ್ಚಿ ಇತ್ತು, ಕುರ್ಚಿ ಮ್ಯಾಲ ನಾ ಇದ್ದೆ. ಸೀದಾ ಬಂದು ಕುರ್ಚಿ ಕಾಲಿಗೆ ಕಾಲು ಎತ್ತಿತು. ನಾನು ಅಲಗಾಡಲಿಲ್ಲ ನೋಡ್ರಿ! ಅಲಗಾಡಿದ್ರ ಕಾಶಿ ತಪ್ಪತಿತ್ತು. ನಿವೃತ್ತಿ ದಿನ ಖಾತೇದವರು ಹಾಕಿದ ಹಾರಕ್ಕಿಂತ ಇದು ನನಗ ದೊಡ್ಡ ಸನ್ಮಾನ ಅನಸ್ತು. ಬಾಗಲದಾಗ ನಿಂತ ಇಂದಿರಾಬಾಯಿಯವರು ದಡಾ ದಡಾ ಒಳಗ ಹೋಗಿ ಸಕ್ಕರಿ ಡಬ್ಬಿ ತಂದ್ರು. ಪದ್ಮಾವತಿ ಬಾಯಿಗೆ ಒಂದಿಷ್ಟು, ಮೋತಿ ಮುಂದ ಒಂದಿಷ್ಟು ಹಾಕಿದ್ರು. ನನ್ನ ಕಡೆ ನೋಡದೇ, ಕುರ್ಚಿ ಬಾಜೂಕಿನ ಕಟ್ಟಿ ಮ್ಯಾಲ ಒಂದು ಚಿಟಿಕಿ ಇಟ್ಟು ಹ್ವಾದ್ರು. ಅವತ್ತು ಪದ್ಮಾವತಿ ಸಕ್ಕರಿ ಬ್ಯಾನಿ ಮಾತು ತಗೀಲಿಲ್ಲ.

ಅವರು ಕಾಶಿಗೆ ಹ್ವಾದ್ರು. ಇಲ್ಲಿ ನನ್ನ ವನವಾಸ ಶುರು ಆಯ್ತು. ವಾಸನಿ ಹ್ವಾದ್ರ ಮೋತಿ ಮತ್ತ ಹಟ ಹಿಡೀತದ ಅಂತ ಗೊಬ್ಬರ ತೊಳಿಯೂ ಹಂಗಿಲ್ಲ. ತೊಳೀಲಿಲ್ಲಂದ್ರ ನೊಣ. ಪದ್ಮಾವತಿ ಮೂಗಿಗೆ ಸೆರಗು ಕಟ್ಟಿಕೊಂಡೇ ನನ್ನ ಕೂಡ ಮಾತಾಡೂದು, ಅದರಾಗೂ ಎಲ್ಲಾ ಶಬ್ದ ಸ್ವಚ್ಛ ಕೇಳ್ತಿದ್ದವು. ಇಷ್ಟರಾಗ ಗೊಬ್ಬರದಾಗಿನ ಬೀಜಕ್ಕ ನನ್ನ ದಿನಾ ಎರಡು ಹೊತ್ತಿನ ನೀರು ಸಿಕ್ಕು ಮೊಳಕಿ ಒಡದವು. ಕೆಳಗಿಂದ ಕಸ ಬರಬಾರದು ಅಂತ ಅಂಚಿನ ಮ್ಯಾಲ ಅಂಚು ಕೂಡಿಸಿ ಬಟ್ಟಿ ಹಾಸಿದ್ವಿ, ಅದು ತನ್ನ ಕೆಲಸ ತಾ ಮಾಡ್ತು, ಕೆಳಗಿಂದ ಒಂದು ಎಳಿನೂ ಬರಲಿಲ್ಲ. ಎಲ್ಲಾ ಮ್ಯಾಲಿಂದೇ ಬಂದವು! ಕರಕಿ ಬಂತು, ಹೆಸರು ಗೊತ್ತಿಲ್ಲದ್ದು ಬಂತು, ಮೂಲ್ಯಾಗ ಒಂದು ಟೊಮೆಟೊ ಗಿಡ ಬಂತು. ದಿನಾ ಮುಂಜಾನೆ ನಾನು ಮೂಗಿಗೆ ಚಾಳೀಸು ಏರಿಸಿ ಪ್ಲಾಸ್ಟಿಕ್ಕಿನಾಗ ಕಳೆ ತಗೀಲಿಕ್ಕೆ ಕೂಡ್ತಿದ್ದೆ. ಯಾವುದು ಖರೆ, ಯಾವುದು ಸುಳ್ಳು, ಕಣ್ಣಿಗೆ ಗೊತ್ತಾಗ್ತಿರಲಿಲ್ಲ. ಜಗ್ಗಬೇಕು. ಬಂತಂದ್ರ ಖರೆ, ಬರಲಿಲ್ಲಂದ್ರ ಪ್ಲಾಸ್ಟಿಕ್. ಎ ಹಂಗೂ ಹೇಳ್ಲಿಕ್ಕೆ ಬರೂದಿಲ್ಲ, ಒಂದೊಂದು ಸಲ ಪ್ಲಾಸ್ಟಿಕ್ಕೂ ಬಂತು. ಸಿದ್ದಪ್ಪ ನೋಡಿ ಖುಷಿ ಆಗಿ, "ನನ್ನ ಮಜ್ಜಿಗಿ ಹತ್ತೇದ ನೋಡ್ರಿ ರಾಯರ, ಎಷ್ಟು ಛಂದ ಚಿಗುರ್ಲಾಕತ್ತದ!" ಅಂದ. ಸೊಂಟ ಹಿಡಕೊಂಡಿದ್ದ ನನಗ ಸಿಟ್ಟು ಬಂತು. "ಲೇ, ಇದು ಪ್ಲಾಸ್ಟಿಕ್ ಅದನೋ!" ಅಂತ ಒದರಿದೆ. ಆಂವಾ ಕಣ್ಣು ಹೊಡದು, "ಸಾಕ್ರಿ ರಾಯರ, ನಿಮ್ಮ ಚೇಷ್ಟಿ ನಮಗ ಗೊತ್ತಿಲ್ಲೇನು" ಅಂತ ನಕ್ಕೋತ ಹ್ವಾದ.

ಕಾಶಿಯಿಂದ ಬಂದವರು ಮೋತಿನ ಕರಕೊಂಡು ಹ್ವಾದ್ರು. ನಾನು ಅಂಗಳ ತಿಕ್ಕಿ ತೊಳದು, ಕಾಲು ಚಾಚಿ ಕೂಡಬೇಕನ್ನೂದ್ರಾಗ ಕಮಲಾಪುರದಿಂದ ಫೋನ್ ಬಂತು. ಎತ್ತಿದ್ರ ಒಂದು ಹೆಣ್ಣು ದನಿ. ಯಾರಂತ ಗುರ್ತು ಹತ್ತಲಿಲ್ಲ. ಹೆಂಗ ಹತ್ತಬೇಕು, ಆ ದನಿ ನನ್ನ ಕೂಡ ಮಾತಾಡಿದ್ದು ಅದೇ ಮೊದಲು.

"ಅಣ್ಣಾರ, ನಾ ಇಂದಿರಾಬಾಯಿ ಮಾತಾಡ್ಲಾಕತ್ತೀನ್ರಿ. ಮೋತಿ ಮಣ್ಣಿನ ಮ್ಯಾಲ ಕಾಲೇ ಎತ್ತವಲ್ದು. ನಿಮ್ಮ ಹುಲ್ಲೇ ಬೇಕಂತದ. ಇವರು ಅನ್ನ ಬಿಟ್ಟು ಕೂತಾರ. ಉಳಿದ ಸುರುಳಿ ತಗೊಂಡು ಬಂದು ತ್ವಾಟದಾಗ ಒಂದಿಷ್ಟು ಹಾಸಿಕೊಟ್ಟು ಪುಣ್ಯಾ ಕಟ್ಟಿಕೊಳ್ರಿ."

ಮಾತಿನ ಕಡೀಕ ದನಿ ನಡುಗ್ತು. ಅಳು ನುಂಗಿದ್ರು ಅಂತ ತಿಳಕೊಂಡೆ. ಅಂಥಾ ಮುಗ್ಧ ಹೆಣ್ಮಗಳು! ಖಾಜಾಮಿಯಾನ ಕರದೆ, ಅವನ ಗಾಡ್ಯಾಗ ಸುರುಳಿ ಹೇರಿಸಿದೆ, ಕರಿ ಬಟ್ಟೀನೂ ಮರೀಲಿಲ್ಲ. ಹೊರಡೂ ಮುಂದ ಪದ್ಮಾವತಿ ಇಸ್ತ್ರಿ ಮಾಡಿದ ಅಂಗಿ ತಂದು ಕೊಟ್ಟು, "ಇದನ್ನ ಹಾಕ್ಕೊಂಡು ಹೋಗ್ರಿ, ನಾಕು ಮಂದಿ ನೋಡ್ತಾರ" ಅಂದ್ಲು. ತ್ವಾಟದಾಗ ಯಾವ ನಾಕು ಮಂದಿ ಅಂತ ನಾ ಕೇಳಬೇಕಿತ್ತು. ಹಾದ್ಯುದ್ದ ಖಾಜಾಮಿಯಾ ಕಿಡಕಿ ಕಡೆ ಮಾರಿ ಮಾಡಿ ಕೂತಿದ್ದ, ಅವನ ಹೆಗಲು ಅಲಗಾಡ್ತಿದ್ದವು. ಗಾಡಿ ಜಿಗಿತಾನೇ ಅಷ್ಟು ಅಂತ ತಿಳಕೊಂಡೆ.

ಕಮಲಾಪುರದ ತ್ವಾಟದಾಗ ನಾಕು ಅಲ್ರಿ, ಅರ್ಧ ಊರೇ ನೆರದಿತ್ತು. ಬಾಳಿಗಿಡದ ನೆರಳಾಗ ಜಮಖಾನಿ ಹಾಸಿ ಸಾಲಾಗಿ ಕೂತಿದ್ರು, ಚಹಾ ನಡದಿತ್ತು. ಪಾಪ, ನಾಯಿ ಮ್ಯಾಲ ಊರಿಗೆಲ್ಲಾ ಎಷ್ಟು ಜೀವ ಅಂದುಕೊಂಡೆ. ಅಷ್ಟು ಮಂದಿ ಮುಂದ ನನಗೂ ಹುರುಪು ಬಂತು. ಅಂಗಿ ತೋಳು ಏರಿಸಿ, ಹಸರು ತ್ವಾಟದ ನಡುವ ಹಸರು ಪ್ಲಾಸ್ಟಿಕ್ ಹಾಸ್ಲಿಕ್ಕೆ ಹತ್ತಿದೆ. ಕಸ ತಡಿಯೋ ಬಟ್ಟಿ ಹೆಂಗ ಹಾಸಬೇಕು, ಎಳಿ ಯಾವ ಕಡೆ ಮಲಗಬೇಕು, ಎಲ್ಲಾ ಒಂದು ಭಾಷಣ ಮಾಡಿದೆ. ಎಲ್ಲರೂ ಭಾಳ ಶಾಂತ ಕೇಳಿದ್ರು. ಒಬ್ಬ ಮುದುಕ, "ಇದಕ್ಕ ನೀರು ಎಷ್ಟು ಹೊತ್ತು ಬಿಡಬೇಕ್ರಿ?" ಅಂದ. ಇನ್ನೊಬ್ಬ, "ಜ್ವರ ಬಂದ್ರ ಗುಳಿಗಿ ಏನು ಕೊಡ್ತೀರಿ?" ಅಂದ. ಆಗರ ನನಗ ಹೊಳೀಬೇಕಿತ್ತು. ಹೊಳೀಲಿಲ್ಲ. ಕೆಲಸ ಮುಗಿಸಿ, ಬೆವರು ಒರಸಿಕೊಂಡು, "ಬಿಡ್ರಿ ಮೋತಿನ" ಅಂದೆ.

ಮೋತಿ ಓಡಿ ಬಂತು. ನಾ ಹಾಸಿದ ಹುಲ್ಲು ಒಂದು ಜಿಗಿತಕ್ಕ ದಾಟಿ, ಆಚಿ ಕಡೆ ಬಾಳಿಗಿಡಕ್ಕ ಕಾಲೆತ್ತಿ ಆರಾಮ ನಿಂತಿತು.

ಅರ್ಧ ಊರು ಒಮ್ಮೆಲೇ ನಕ್ತು. ಆ ನಗಿ ಒಳಗ ಎಲ್ಲಾರಕಿಂತ ಮ್ಯಾಲ ಒಂದು ದನಿ ಕೇಳ್ತಿತ್ತು. ಇಂದಿರಾಬಾಯಿ! ತಲಿ ಮ್ಯಾಲಿನ ಸೆರಗು ಹೆಗಲಿಗೆ ಜಾರಿತ್ತು, ಕಣ್ಣಾಗ ನೀರು ಬಂದಿತ್ತು, ಬಾಳಿಗಿಡ ಹಿಡಕೊಂಡು ನಗ್ಲಾಕತ್ತಿದ್ರು. ಫೋನಿನಾಗ ದನಿ ನಡುಗಿದ್ದು ಯಾಕಂತ ಆಗ ತಿಳೀತು. ಖಾಜಾಮಿಯಾ ಅಂತೂ ನೆಲದ ಮ್ಯಾಲ ಕೂತುಬಿಟ್ಟಿದ್ದ, "ಮಾಫ್ ಕರೋ ರಾವಸಾಬ್, ನಿಮ್ಮ ಮನಿ ವೈನೀಸಾಬಾನೇ ಹೇಳಬ್ಯಾಡ ಅಂದಿದ್ರು." ನಮ್ಮ ಬೀಗರು ಶಾಮರಾಯರು ಮಾತ್ರ ನಗಲಿಲ್ಲ. ನನ್ನ ಮಾರಿ ನೋಡಿ, "ಹಣ್ಣಾದ್ರಿ ಬೀಗರ" ಅಂದ್ರು, ಅಷ್ಟೇ. ಅದು ಪ್ಲಾಸ್ಟಿಕ್ ಅಂತ ಅವರಿಗೆ ಬಾಗಲದಾಗ ನಿಂತಾಗೇ ಗೊತ್ತಾಗಿತ್ತಂತ. ಮೋತಿಗೆ ಬೇಕಾಗಿದ್ದು ತ್ವಾಟದ ವಾಸನಿ, ಅದಕ್ಕ ಗೊಬ್ಬರ ಹಾಕಿದ್ದಂತ.

ಚಹಾ ಕುಡಿವಾಗ ನಾನು ಮಾತು ತಪ್ಪಿಸಲಿಕ್ಕೆ ಕಾಶಿ ಸುದ್ದಿ ತಗದೆ. ಅಲ್ಲಿಗೆ ಹೋದವರು ತಮಗ ಭಾಳ ಸೇರೂದು ಒಂದನ್ನ ಬಿಟ್ಟು ಬರೂದು ಪದ್ಧತಿ ಅದಲ್ಲ, ನೀವೇನು ಬಿಟ್ಟು ಬಂದ್ರಿ ಬೀಗರ ಅಂತ ಕೇಳಿದೆ. "ಬದನಿಕಾಯಿ ಎಣ್ಣಿಗಾಯಿ" ಅಂದ್ರು, ಇನ್ನಾ ದುಃಖ ಆರಿರಲಿಲ್ಲ. "ಮತ್ತ ಅವರು ಏನು ಬಿಟ್ರಂತ?" ಅಂತ ಇಂದಿರಾಬಾಯಿಯವರ ಸಲುವಾಗಿ ಶಾಮರಾಯರನ್ನೇ ಕೇಳಿದೆ, ರೂಢಿ ನೋಡ್ರಿ. ಇಂದಿರಾಬಾಯಿಯವರು ಸೀದಾ ನನ್ನ ಮಾರಿ ನೋಡಿ ಅಂದ್ರು:

"ಬೀಗರ ಮುಂದ ಬಾಯಿ ಮುಚ್ಚಿಕೊಂಡು ಕೂಡೋದು ಬಿಟ್ಟು ಬಂದೀನ್ರಿ ಅಣ್ಣಾರ. ಭಾಳ ಸೇರ್ತಿತ್ತು. ಏನ್ ಮಾಡೂದು, ಪದ್ಧತಿ ಮುರೀಲಿಕ್ಕೆ ಬರೂದಿಲ್ಲ."

ಆಮ್ಯಾಲ ನನ್ನ ತಾಟಿಗೆ ಒಂದಲ್ಲ, ಎರಡು ಹೋಳಿಗಿ ಬಿದ್ದವು, ಯಾರನ್ನೂ ಕೇಳದೇ.

ಮನಿಗೆ ಬಂದ ಮ್ಯಾಲ ಪದ್ಮಾವತಿ, ನೀವೂ ಒಂದು ಸಲ ಕಾಶಿಗೆ ಹೋಗಿ ನಿಮ್ಮ ಈ ಚೇಷ್ಟಿ ಬಿಟ್ಟು ಬರ್ರಿ ಅಂತ ಗಂಟು ಬಿದ್ದಾಳ. ನಾ ಹೋಗೂದಿಲ್ಲ ಅಂದೀನಿ. ಅಲ್ರಿ, ಒಬ್ಬ ಹೆಣ್ಮಗಳಿಗೆ ಇಷ್ಟು ತಯಾರಿ ಕೊಟ್ಟು, ಊರೇ ಮೆಚ್ಚೂ ಹಂಗ ಮಾಡಿದವ ನಾನು, ಗುರು ಅನ್ನೂವವ ಸುಮ್ಮ ಕೂಡ್ಲಿಕ್ಕೆ ಆಗ್ತದೇನು? ತಿರುಗಿ ಬೀಗತಿಗೆ ಒಂದು ಮಾಡಿ ತೋರಿಸೂ ತನಕ ನನಗ ಕಾಶ್ಯಾಗ ಸತ್ರೂ ಮುಕ್ತಿ ಇಲ್ಲ. ಅದನ್ನೇ ವಿಚಾರ ಮಾಡ್ಕೋತ ದಿನಾ ಹುಲ್ಲಿನ ಮ್ಯಾಲ ಕೂಡ್ತೀನಿ. ಇನ್ನಾ ಏನೂ ಹೊಳದಿಲ್ಲ. ನಿಮಗೇನರ ಹೊಳದ್ರ ಹೇಳ್ರಿ, ಪದ್ಮಾವತಿ ಮುಂದ ಮಾತ್ರ ಬ್ಯಾಡ. ಆಕಿ ಈಗ ಆ ಕಡೆಯಾಕಿ.